ಶಿಲೆಯಲ್ಲಿ ಹಬ್ಬಿದ ಬಳ್ಳಿ: ಕೆ. ಎಸ್. ನರಸಿಂಹಸ್ವಾಮಿಯವರ ಕಾವ್ಯವ್ಯವಸಾಯ

ಹೊಸ ಹೊಸದಾಗಿ ಅರಳುವ ಪ್ರಜ್ಞೆಯೇ ಪ್ರತಿಭೆಯೆಂಬ ಭಟ್ಟತೌತನ ಲಕ್ಷಣವು ಸಾಹಿತ್ಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಪೂರ್ವಿಕರು ಮುಟ್ಟಿದ ವಸ್ತುವೇ ರಸಸಂಪರ್ಕದಿಂದ ವಸಂತದ ಮರದಂತೆ ಮತ್ತೆ ಹೊಸದಾಗುವುದೆಂದು ಆನಂದವರ್ಧನನೂ ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಪ್ರತಿಪಾದಿಸಿದ್ದಾನೆ. ಆದರೆ ಅಲ್ಲಿಯ ವಿಚಾರವು ಮುಖ್ಯವಾಗಿ ಕವಿಪರಂಪರೆಯದು. ಒಬ್ಬನೇ ಕವಿ ತನ್ನದೇ ವಸ್ತುವನ್ನು ಅರುವತ್ತು ವರ್ಷ ಹಿಡಿದು ನಡೆಯುವುದರ ಕಷ್ಟ ಬೇರೆ ಬಗೆಯದು. ಪೂರ್ವಿಕರನ್ನು ಮೀರುವುದಕ್ಕಿಂತ ತನ್ನ ನಿನ್ನೆಯ ಕವನವನ್ನು ಮೀರುವುದು ಕಠಿಣ.

ಈ ಕಷ್ಟದ ಸ್ವರೂಪವನ್ನು ಅರಿಯಲು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಹೊರಭಿತ್ತಿಯನ್ನು ಒಮ್ಮೆ ನಿಧಾನವಾಗಿ ಸುತ್ತಿ ಬರಬಹುದು. ೧೩ನೆಯ ಶತಮಾನದ ನಡುಭಾಗದ ಈ ತ್ರಿಕೂಟ ದೇಗುಲದ ಅಧಿಷ್ಠಾನದಲ್ಲಿ ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಆನೆ, ಕುದುರೆ, ಲತೆ, ಪುರಾಣಕಥೆ, ಮಕರ, ಹಂಸ ಎಂಬ ಕ್ರಮ. ಈ ಕ್ರಮವು ಹೊಸಹೊಳಲಿನ ಶಿಲ್ಪಿಗಳ ಕಲ್ಪನೆಯಲ್ಲ. ಹೊಯ್ಸಳ ಶೈಲಿಯು ಅವರಿಗೆ ಒಪ್ಪಿಸಿದ ಕಟ್ಟಳೆ. ಆನೆಯ ಸಾಲಿನಲ್ಲಿ ಆನೆಯಲ್ಲದೆ ಬೇರೊಂದು ಪ್ರಾಣಿಗೆ ಎಡೆಯಿಲ್ಲ. ಹೀಗಿದ್ದೂ ಸಾಲು ಬೇಸರ ತರುವುದಿಲ್ಲ. ಶಿಲ್ಪಿಯ ಹೊಸತನವು ಸೊಂಡಿಲಿನ ಬಾಗು, ಹೆಜ್ಜೆಯ ಭಾರ ಇಂತಹ ಅಲ್ಪ ವ್ಯತ್ಯಾಸಗಳಲ್ಲಿ ಅಡಗಿದೆ. ಮೂರನೆಯ ಪಟ್ಟಿಕೆಯ ಲತೆಯಂತೂ ಭಿತ್ತಿಯ ಮೂಲೆಮೂಲೆಗಳಲ್ಲಿ ಮುರಿದು ತಿರುಗಿ, ಸುರುಳಿ ಬಿಚ್ಚುತ್ತ ಮುಂದುವರಿಯುತ್ತದೆ. ಅದೇ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿರುವ ಬ್ರಹ್ಮೇಶ್ವರ ದೇವಾಲಯವು ೧೧೭೧ರದು. ಎರಡು ಗುಡಿಗಳ ನಡುವೆ ಎಂಟು ದಶಕಗಳ ಅಂತರವಿದ್ದರೂ ಶೈಲಿ ದಣಿದಂತೆ ಕಾಣುವುದಿಲ್ಲ.

ಆ ಕಿಕ್ಕೇರಿಯಲ್ಲಿಯೇ ೧೯೧೫ರಲ್ಲಿ ಜನಿಸಿದವರು ಕೆ. ಎಸ್. ನರಸಿಂಹಸ್ವಾಮಿಯವರು. ೧೯೪೨ರಲ್ಲಿ ಪ್ರಕಟವಾದ ‘ಮೈಸೂರ ಮಲ್ಲಿಗೆ’ಯು ಅವರಿಗೆ ತಂದ ಕೀರ್ತಿಯೇ ಅವರ ಮೇಲಣ ಆಕ್ಷೇಪಕ್ಕೂ ಕಾರಣವಾಯಿತು. ಅವರು ಒಂದು ಪುಸ್ತಕದ ಕವಿ, ದಾಂಪತ್ಯದ ಹೊಸ್ತಿಲನ್ನು ದಾಟದ ಕವಿ ಎಂಬ ಮಾತು ಬಹುಕಾಲ ನಡೆಯಿತು. ನವ್ಯದ ಬಿಸಿಯಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ೨೦೦೩ರಲ್ಲಿ ತೀರಿಕೊಳ್ಳುವವರೆಗಿನ ಅವರ ಕಾವ್ಯಜೀವನವನ್ನು ಒಟ್ಟಾಗಿ ನೋಡಿದರೆ ಈ ಮಾತಿನಲ್ಲಿ ಸತ್ಯಾಂಶವೆಷ್ಟು?

ಮೊದಲು ‘ಮೈಸೂರ ಮಲ್ಲಿಗೆ’ಯನ್ನೇ ತೆಗೆದುಕೊಳ್ಳಬಹುದು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನ ಪ್ರೇಮಗೀತೆಗಳನ್ನು ಕನ್ನಡಿಸಿದ ಕವಿ ಇವರು. ಬರ್ನ್ಸನಲ್ಲಿ ಹಾಡುವವನು ಹೆಚ್ಚಾಗಿ ಪ್ರಣಯಿ. ಇಲ್ಲಿ ಹಾಡುವವನು ಗಂಡ. ಈ ಒಂದು ಬದಲಾವಣೆಯಿಂದ ಅತ್ತೆ, ಮಾವ, ನಾದಿನಿ, ತವರಿನ ದಾರಿ ಎಲ್ಲವೂ ಪ್ರೇಮಕಾವ್ಯದೊಳಗೆ ಬರುವಂತಾಯಿತು. ಹೆಂಡತಿ ತವರಿನಲ್ಲಿರುವ ಸನ್ನಿವೇಶವೊಂದನ್ನೇ ಕವಿ ಎರಡು ಕಡೆಯಿಂದ ನೋಡಿರುವ ರೀತಿ ಗಮನಾರ್ಹ. ಒಂದು ಕವನದಲ್ಲಿ ರಾಯರು ರಾತ್ರಿ ಮಾವನ ಮನೆಗೆ ಬರುತ್ತಾರೆ. ಉಪಚಾರಕ್ಕೆ ಕೊರತೆಯಿಲ್ಲ, ಪದುಮಳು ಮಾತ್ರ ಒಳಗಿಲ್ಲ. ಬೆಳಗಾದಾಗ ಹೊರಡುತ್ತೇನೆಂದು ಮುನಿಸಿಕೊಂಡವರನ್ನು ನಿಲ್ಲಿಸುವುದು ಪ್ರೇಮದ ನುಡಿಯಲ್ಲ. ನೀರು ಕಾದಿದೆಯೆಂದು ನಾದಿನಿ ಒಳಮನೆಯಿಂದ ಹೇಳುವ ಮಾತು. ಆ ನೀರು ಯಾರಿಗೆಂಬುದರಲ್ಲಿ ಕವನದ ಇಡೀ ಬಿಗಿ ಸಡಿಲುತ್ತದೆ. ಇನ್ನೊಂದು ಕವನದಲ್ಲಿ ಗಂಡ ಮಾವನ ಮೇಲಣ ಮುನಿಸಿನಿಂದ ಹೋಗದೆ ಕುಳಿತಿದ್ದಾನೆ. ಬಳೆಗಾರ ಚೆನ್ನಯ್ಯನೇ ನವಿಲೂರಿನ ಸುದ್ದಿ ಹೊತ್ತು ಅವನ ಬಾಗಿಲಿಗೆ ಬರುತ್ತಾನೆ. ಬಳೆ ತೊಡಿಸಲಾಗದ ಗಂಡಸಿನ ಮುಂದೆ ಬಳೆಗಾರ ನಿಂತಿರುವುದರಲ್ಲಿ ನಗೆಯೂ ಇದೆ, ಗದರಿಕೆಯೂ ಇದೆ. ವಸ್ತು ಒಂದೇ, ನೋಟ ಎರಡು. ಆನೆಯ ಸಾಲಿನ ನ್ಯಾಯವಿದು.

ಇದಾದ ಮೇಲಿನ ದಾರಿ ಸುಗಮವಾಗಿರಲಿಲ್ಲ. ‘ಐರಾವತ’, ‘ದೀಪದ ಮಲ್ಲಿ’, ‘ಇರುವಂತಿಗೆ’ಗಳಲ್ಲಿ ಒಳ್ಳೆಯ ಕವನಗಳಿದ್ದರೂ ಹಳೆಯ ಸಿದ್ಧಿಯ ನೆರಳಿನಲ್ಲಿ ಬರೆದ ರಚನೆಗಳೂ ಇವೆ, ಲಯವು ಕೈಗೆ ಬಂದಿರುವುದರಿಂದ ಕವನವೂ ಬಂದುಬಿಟ್ಟಿದೆ. ಇದನ್ನು ಮುಚ್ಚಿಡುವುದು ಅಭಿಮಾನವಾದೀತೇ ಹೊರತು ವಿಮರ್ಶೆಯಾಗದು. ಸರಕಾರಿ ಕಚೇರಿಯ ಗುಮಾಸ್ತಗಿರಿಯಲ್ಲಿ ಹಗಲನ್ನು ಕಳೆಯುತ್ತಿದ್ದ ಕವಿ ಇಂತಹ ಇಳಿತಗಳನ್ನು ದಾಟಿದ್ದು ಹೇಗೆ? ಭಾಷಾಂತರದ ದುಡಿಮೆ ಒಂದು ಆಸರೆಯಾಗಿದ್ದಿರಬೇಕು. ಯೂರಿಪಿಡೀಸನ ‘ಮೀಡಿಯಾ’, ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಇವುಗಳನ್ನು ಅವರು ಕನ್ನಡಕ್ಕೆ ತಂದರು. ಸುಖದಾಂಪತ್ಯದ ಕವಿಯೊಬ್ಬನು ಗಂಡನ ದ್ರೋಹಕ್ಕೆ ಮಕ್ಕಳನ್ನೇ ಕೊಲ್ಲುವ ಹೆಣ್ಣಿನ ದುರಂತವನ್ನು ಕೈಗೆತ್ತಿಕೊಂಡನೆಂಬುದು ಅವನನ್ನು ಹೊಸ್ತಿಲೊಳಗಿನ ಕವಿಯೆನ್ನುವವರು ಆಲೋಚಿಸಬೇಕಾದ ಸಂಗತಿ.

೧೯೫೮ರ ‘ಶಿಲಾಲತೆ’ಯನ್ನು ಅನೇಕರು ತಿರುವೆಂದರು, ಕೆಲವರು ನವ್ಯಕ್ಕೆ ಶರಣಾಗತಿಯೆಂದೂ ಅಂದರು. ಹಾಡಿನ ನುಣುಪು ಕಳೆದು ಮಾತಿನ ಗತಿ ಬಂದದ್ದು ನಿಜ. ನಗರ ಬಂತು, ಒಂಟಿತನ ಬಂತು. ‘ಗಡಿಯಾರದಂಗಡಿಯ ಮುಂದೆ’ಯಂತಹ ಕವನದ ಹೆಸರೇ ಈ ಘಟ್ಟದ ಕಾಳಜಿಯನ್ನು ಸೂಚಿಸುತ್ತದೆ. ಆದರೆ ಕವಿ ಮನೆಯನ್ನು ಬಿಟ್ಟು ಹೊರಟನೆನ್ನುವುದು ಸರಿಯಲ್ಲ. ಅದೇ ಮನೆಯೊಳಗೆ ಕಾಲವು ಪ್ರವೇಶಿಸಿತೆನ್ನುವುದು ಹೆಚ್ಚು ಸಮಂಜಸ. ‘ಮಲ್ಲಿಗೆ’ಯ ದಂಪತಿಗಳಿಗೆ ವಯಸ್ಸಾಗುತ್ತಿರಲಿಲ್ಲ, ಇನ್ನು ಮುಂದಿನವರಿಗೆ ಆಗುತ್ತದೆ. ಬಳ್ಳಿ ಭಿತ್ತಿಯ ಮೂಲೆಯಲ್ಲಿ ತಿರುಗಿದೆ, ಕಡಿದಿಲ್ಲ.

ವಚನಗಳ ಓದುಗರಿಗೆ ಈ ಮಾತು ಅಪರಿಚಿತವಾಗದು. ಬಸವಣ್ಣನವರ ವಚನಗಳು ಕೂಡಲಸಂಗಮದೇವನಲ್ಲಿ, ಅಕ್ಕಮಹಾದೇವಿಯವರ ವಚನಗಳು ಚೆನ್ನಮಲ್ಲಿಕಾರ್ಜುನನಲ್ಲಿ ಬಂದು ನಿಲ್ಲುತ್ತವೆ. ಕೊನೆಯು ಮೊದಲೇ ಗೊತ್ತಿರುವಾಗ ಹೊಸತನವೆಲ್ಲವೂ ಅಲ್ಲಿಗೆ ತಲುಪುವ ದಾರಿಯಲ್ಲಿಯೇ ಇರಬೇಕಾಗುತ್ತದೆ. ಅಂಕಿತವು ವಚನಕಾರನನ್ನು ಕಟ್ಟಿಹಾಕಲಿಲ್ಲ. ಮತ್ತೆ ಮತ್ತೆ ಹೊರಡಲು ಅವನಿಗೆ ಧೈರ್ಯ ಕೊಟ್ಟಿತು. ಸತಿಪತಿಭಾವವೂ ಹಾಗೆಯೇ. ಉರಿಲಿಂಗದೇವ, ಗಜೇಶ ಮಸಣಯ್ಯ, ಅಕ್ಕ ಇವರೆಲ್ಲರ ಭಾವ ಒಂದೇ ಹೆಸರಿನದಾದರೂ, ಮಸಣಯ್ಯನಲ್ಲಿ ಅದು ಸಖಿಯೊಡನೆ ಆಡುವ ಆಪ್ತಮಾತಾಗುತ್ತದೆ, ಅಕ್ಕನಲ್ಲಿ ಲೌಕಿಕದ ಮನೆಯನ್ನೇ ತೊರೆಯಿಸುವ ಬೆಂಕಿಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಸಾಮ್ಯವನ್ನು ಹಿಡಿದು ‘ಮೈಸೂರ ಮಲ್ಲಿಗೆ’ಯನ್ನು ಮರೆಮಾಚಿದ ಭಕ್ತಿಕಾವ್ಯವೆಂದು ವ್ಯಾಖ್ಯಾನಿಸುವ ಉತ್ಸಾಹ ಸಲ್ಲದು. ನರಸಿಂಹಸ್ವಾಮಿಯವರ ಗಂಡ ಗಂಡನೇ, ಹೆಂಡತಿ ಹೆಂಡತಿಯೇ. ಅವರ ಲೌಕಿಕದಲ್ಲಿಯೇ ಅವರ ಘನತೆ ಇದೆ. ಅಕ್ಕನು ಬಿಟ್ಟುಹೋದ ಮನೆಯಲ್ಲಿ ಈ ಕವಿಯು ಉಳಿದನು. ಎರಡೂ ನಿಷ್ಠೆಗಳೇ, ಆದರೆ ಬೇರೆ ಬೇರೆ.

ದೀರ್ಘ ವ್ಯವಸಾಯದ ಇನ್ನೊಂದು ಮಾದರಿ ಶೂನ್ಯಸಂಪಾದನೆಯದು. ಶಿವಗಣಪ್ರಸಾದಿ ಮಹಾದೇವಯ್ಯನು ಕಟ್ಟಿದ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಅಲ್ಲಿ ಒಬ್ಬನು ನಿಲ್ಲಿಸಿದಲ್ಲಿ ಇನ್ನೊಬ್ಬನ ಕಣ್ಣು ಕೆಲಸ ಮಾಡಿತು. ಭಾವಗೀತೆಯ ಕವಿಗೆ ಆ ಸೌಕರ್ಯವಿಲ್ಲ. ಅವನೇ ತನ್ನ ಹಲಗೆಯಾರ್ಯನೂ ಆಗಬೇಕು.

ಕೇಂದ್ರ ಸಾಹಿತ್ಯ ಅಕಾಡೆಮಿಯ ೧೯೭೭ರ ಪ್ರಶಸ್ತಿ ಪಡೆದ ‘ತೆರೆದ ಬಾಗಿಲು’, ಮುಂದಿನ ‘ನವಪಲ್ಲವ’, ಎಪ್ಪತ್ತೆಂಟರ ವಯಸ್ಸಿನಲ್ಲಿ ಬಂದ ‘ದುಂಡುಮಲ್ಲಿಗೆ’ ಇವುಗಳಲ್ಲಿ ಅಂತಹ ಸ್ವಪರಿಷ್ಕರಣವನ್ನು ಕಾಣಬಹುದು. ಐವತ್ತು ವರ್ಷಗಳ ಬಳಿಕ ಮತ್ತೆ ಮಲ್ಲಿಗೆಯ ಹೆಸರಿಗೇ ಮರಳುವುದರಲ್ಲಿ ಒಂದು ಪಂಥವೂ ಇದ್ದಂತಿದೆ. ಮಾತು ಮೆತ್ತಗಾಗಿದೆ, ಅಲಂಕಾರ ಉದುರಿದೆ, ಮೌನಕ್ಕೆ ಹೆಚ್ಚು ಜಾಗ ಸಿಕ್ಕಿದೆ.

ಈ ಉತ್ತರಾರ್ಧವು ಓದುಗರನ್ನು ತಲುಪಿದ್ದು ಕಡಿಮೆ. ಸುಗಮ ಸಂಗೀತದ ಧ್ವನಿಸುರುಳಿಗಳೂ ೧೯೯೨ರ ಟಿ. ಎಸ್. ನಾಗಾಭರಣರ ಚಲನಚಿತ್ರವೂ ‘ಮೈಸೂರ ಮಲ್ಲಿಗೆ’ಯನ್ನು ಮನೆಮನೆಗೆ ಒಯ್ದುವು, ಅದು ಉಪಕಾರವೇ. ಆದರೆ ಹಾಡಲು ಒಗ್ಗದ ‘ಶಿಲಾಲತೆ’ಯ ಕವನಗಳು ಪುಟಗಳಲ್ಲಿಯೇ ಉಳಿದುವು. ಒಂದು ಪುಸ್ತಕದ ಕವಿಯೆಂಬ ಆಕ್ಷೇಪವನ್ನು ಹೀಗೆ ಅವರ ಅಭಿಮಾನಿಗಳೇ, ಬೇರೆ ಪುಸ್ತಕಗಳನ್ನು ತೆರೆಯದೆ, ನಿಜವಾಗಿಸುತ್ತಿದ್ದಾರೆ. ಹೊಸಹೊಳಲಿಗೆ ಬರುವ ಯಾತ್ರಿಕರಲ್ಲಿಯೂ ಬಹುಮಂದಿ ಪುರಾಣಕಥೆಯ ಪಟ್ಟಿಕೆಯ ಮುಂದೆ ನಿಲ್ಲುತ್ತಾರೆ; ಅದರ ಕೆಳಗೇ ಸಾಗಿರುವ ಬಳ್ಳಿಯನ್ನು ಕೊನೆಯವರೆಗೆ ಹಿಂಬಾಲಿಸುವವರು ವಿರಳ.