ಜೇಡನೂ ಜೇಡವೂ

ಮಳೆಗಾಲದ ಕೊನೆಯಲ್ಲಿ ಕೊರಟಗೆರೆಯ ಸಿದ್ಧರಬೆಟ್ಟ ಹತ್ತುವವರಿಗೆ ಪೊದೆಗಳ ನಡುವೆ ಒಂದು ಬಗೆಯ ಜೇಡ ಕಾಣಸಿಗುತ್ತದೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿಕೊಂಡು ಬಲೆಯ ನಡುವೆ ತಲೆಕೆಳಗಾಗಿ ಕೂತಿರುತ್ತದೆ. ಕಾಲುಗಳ ನೇರಕ್ಕೆ ದಪ್ಪ ಬಿಳಿ ನೂಲಿನ ಅಂಕುಡೊಂಕು ಗೆರೆ. ನೋಡಿದವರು ‘ಕಸೂತಿ ಹಾಕಿದ ಹಾಗಿದೆ’ ಎನ್ನುತ್ತಾರೆ. ಅದೇ ಜನ ಜಾತ್ರೆಯ ಅಂಗಡಿಯಲ್ಲಿ ತಂತಿಗೆ ಮಣಿ ಪೋಣಿಸಿ ಮಾಡಿದ ಜೇಡ ಕಂಡರೆ ಬೆಚ್ಚಿ, ಆಮೇಲೆ ನಕ್ಕು, ‘ನಿಜದ್ದೇ ಅನ್ನಿಸಿತು’ ಎನ್ನುತ್ತಾರೆ. ಎರಡೂ ಹೊಗಳಿಕೆಯೇ.

ವಸ್ತುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ನಿಜವಾದ ಜೇಡದ ಕಾಲುಗಳೆಲ್ಲ ದೇಹದ ಮುಂದಿನ ಭಾಗದಿಂದ ಹೊರಡುತ್ತವೆ. ಆಟಿಕೆ ಮಾಡುವವರು ಅವನ್ನು ಹೊಟ್ಟೆಗೆ ಅಂಟಿಸಿಬಿಡುವುದುಂಟು. ಬಲೆ ಬಿಡಿಸುವವರು ಒಂದರೊಳಗೊಂದು ವೃತ್ತ ಹಾಕುತ್ತಾರೆ. ಜೇಡವಾದರೋ ಅಂಟಿನ ಎಳೆಯನ್ನು ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಬರುತ್ತದೆ. ಕಣ್ಣು ಪಳಗಿದರೆ ಇಷ್ಟು ಸಾಕು. ನಮ್ಮ ವಿಮರ್ಶೆ ಎಡವಿರುವುದು ವಸ್ತುವಿನಲ್ಲಲ್ಲ, ಅದನ್ನು ಮಾಡಿದವರ ವಿಷಯದಲ್ಲಿ.

ಕನ್ನಡದಲ್ಲಿ ‘ಜೇಡ’ ಎಂದರೆ ಬಲೆ ನೇಯುವ ಜೀವಿಯೂ ಹೌದು, ಬಟ್ಟೆ ನೇಯುವ ಮನುಷ್ಯನೂ ಹೌದು. ಜೇಡರ ದಾಸಿಮಯ್ಯನ ಹೆಸರಿನ ಮೊದಲ ಪದ ಆತನ ಕಸುಬನ್ನು ಹೇಳುತ್ತದೆ. ಸಂಸ್ಕೃತದಲ್ಲೂ ಹೀಗೆಯೇ: ಅಮರಕೋಶ ‘ತಂತುವಾಯ’ ಎಂಬ ಒಂದೇ ಪದವನ್ನು ಒಂದು ಕಡೆ ಜೇಡಕ್ಕೂ ಇನ್ನೊಂದು ಕಡೆ ನೇಕಾರನಿಗೂ ಕೊಡುತ್ತದೆ. ಆದರೆ ಕನ್ನಡದ ವ್ಯಾಕರಣ ಎಚ್ಚರ ತಪ್ಪಿಲ್ಲ. ನೇಕಾರನಾದರೆ ಜೇಡನು, ಹುಳುವಾದರೆ ಜೇಡವು.

ಈ ಲಿಂಗಭೇದದ ಎಚ್ಚರವನ್ನು ಮರೆತ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಧುಗಿರಿ, ಸಿರಾ ಕಡೆಯ ಕಂಬಳಿಯ ಬಗ್ಗೆ ಬರೆಯುವಾಗ ‘ಅದು ಅವರ ರಕ್ತದಲ್ಲೇ ಬಂದದ್ದು’ ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ನಿಜ. ಆದರೆ ಮರಿ ಜೇಡಕ್ಕೆ ಬಲೆ ಹೆಣೆಯಲು ಯಾರೂ ಕಲಿಸಬೇಕಾಗಿಲ್ಲ. ಕಂಬಳಿ ನೇಯುವ ಮನೆಯ ಮಗುವಿಗೆ ಎಲ್ಲವನ್ನೂ ಕಲಿಸಬೇಕು: ಉಣ್ಣೆ ಬಿಡಿಸುವುದು, ನೂಲುವುದು, ಹಾಸಿಗೆ ಹುಣಸೆ ಬೀಜದ ಗಂಜಿ ಬಳಿಯುವುದು, ಗುಂಡಿ ಮಗ್ಗದಲ್ಲಿ ಕೂತು ಕೈಕಾಲು ಹೊಂದಿಸುವುದು. ರಕ್ತದಲ್ಲಿ ಬಂದದ್ದು ಎಂದರೆ ಈ ವರ್ಷಗಳೆಲ್ಲ ಲೆಕ್ಕಕ್ಕಿಲ್ಲದಂತಾಗುತ್ತವೆ. ತಾನಾಗಿ ಬಂದದ್ದಕ್ಕೆ ಕೂಲಿ ಏಕೆ ಎಂಬ ಪ್ರಶ್ನೆಗೂ ದಾರಿಯಾಗುತ್ತದೆ. ಒಂದು ಜಾತಿಗೆ ಒಂದು ಕಸುಬನ್ನು ಕಟ್ಟಿಹಾಕಿದ ವ್ಯವಸ್ಥೆಗೂ ಈ ಮಾತು ಹಿತವಾಗಿಯೇ ಕೇಳಿಸುತ್ತದೆ.

ವಚನಗಳ ವಿಷಯದಲ್ಲೂ ಇದೇ ಆಗಿದೆ. ದಾಸಿಮಯ್ಯನ ಪುಟ್ಟ ವಚನಗಳನ್ನು ‘ಸಹಜ ಉದ್ಗಾರ’ ಎಂದು ಮೆಚ್ಚಿ ಮುಂದೆ ಹೋಗುವುದು ಸುಲಭ. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದ ಪ್ರಸ್ತಾವನೆಯಲ್ಲಿ ಆ ಸಹಜತೆಯೊಳಗಿನ ಕಟ್ಟಡವನ್ನು, ಸಾಲಿಗೆ ಸಾಲು ಸರಿಸಾಟಿಯಾಗಿ ನಿಲ್ಲುವ ಬಗೆಯನ್ನು ಬಿಡಿಸಿ ತೋರಿಸಿದರು. ಹಾಸು ಹೊಕ್ಕುಗಳ ಲೆಕ್ಕ ಬಲ್ಲವನ ಮಾತು ಎಂಬ ನೆನಪಿಟ್ಟು ಓದಿದರೆ ಆ ವಚನಗಳ ಮಿತವೂ ಬಿಗಿಯೂ ಕಲಿತು ಗಳಿಸಿದ್ದಾಗಿ ಕಾಣುತ್ತವೆ.

ಕಾರ್ಲ್ ಮಾರ್ಕ್ಸ್ 1867ರ ‘ಕ್ಯಾಪಿಟಲ್’ನಲ್ಲಿ ಜೇಡವನ್ನೂ ನೇಕಾರನನ್ನೂ ಅಕ್ಕಪಕ್ಕ ಇಟ್ಟಿದ್ದಾನೆ. ಮನುಷ್ಯನ ಕೆಲಸ ಮೊದಲು ತಲೆಯಲ್ಲಿ ರೂಪುಗೊಳ್ಳುತ್ತದೆ ಎಂಬುದು ಅವನು ಕಂಡ ವ್ಯತ್ಯಾಸ. ಅದು ಸರಿಯೇ, ಆದರೆ ಸಾಲದು. ತಲೆಯಲ್ಲಿ ರೂಪು ಮೂಡುವ ಮೊದಲು ಇನ್ನೊಬ್ಬರ ಪಕ್ಕ ಕೂತು, ಎಳೆ ಹರಿದು, ಬೈಸಿಕೊಂಡು, ಮತ್ತೆ ಗಂಟು ಹಾಕಿದ ಕಾಲವೊಂದಿರುತ್ತದೆ. ಕೈಕೆಲಸದ ಬಗ್ಗೆ ಬರೆಯುವವರು ಹುಡುಕಬೇಕಾದದ್ದು ಆ ಕಾಲವನ್ನು. ಮುಂದಿನ ಸಲ ಕಂಬಳಿ ಕೊಳ್ಳುವಾಗ ಎಷ್ಟು ಸಹಜವಾಗಿ ನೇಯುತ್ತೀರಿ ಎಂದು ಬೆರಗಾಗುವ ಬದಲು, ಯಾರ ಹತ್ತಿರ ಕಲಿತಿರಿ ಎಂದು ಕೇಳಿ ನೋಡಬಹುದು. ಜೇಡವು ಉತ್ತರಿಸಲಾರದ ಪ್ರಶ್ನೆ ಅದು.