‘ಒಬ್ಬರಿಂದ’ ಎಂಬ ಪದ ಎಲ್ಲಿ ಹೋಯಿತು? ಅಂತರ್‌ವೃತ್ತಿ ಆರೋಗ್ಯ ಶಿಕ್ಷಣ: ಕಾಸರಗೋಡಿನಿಂದ ಒಂದು ವಿಮರ್ಶೆ

ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಸಮಾಜಕಾರ್ಯ, ಹೀಗೆ ಬೇರೆ ಬೇರೆ ಆರೋಗ್ಯ ವೃತ್ತಿಗಳಿಗೆ ತಯಾರಾಗುವ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯಬೇಕಾದರೆ ವಿಶ್ವವಿದ್ಯಾಲಯಗಳು ಎಂತ ಮಾಡಬೇಕು ಎಂಬುದು ನನಗೆ ಕೊಟ್ಟ ವಿಷಯ. ಇಂಟರ್‌ಪ್ರೊಫೆಷನಲ್ ಎಜುಕೇಶನ್ ಎನ್ನುವುದನ್ನು ನಾನು ಇಲ್ಲಿ ‘ಅಂತರ್‌ವೃತ್ತಿ ಶಿಕ್ಷಣ’ ಎನ್ನುತ್ತೇನೆ. ನಾನು ಕಾಸರಗೋಡಿನವಳು, ವೈದ್ಯಕೀಯ ಸಮಾಜಕಾರ್ಯದ ವಿದ್ಯಾರ್ಥಿನಿ. ಆದ್ದರಿಂದ ಉದಾಹರಣೆಗಳು ಹೆಚ್ಚಾಗಿ ನಮ್ಮ ಕಡೆಯವೇ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಚೌಕಟ್ಟು ಈ ಕ್ಷೇತ್ರದ ಮೂಲಪಾಠ ಇದ್ದ ಹಾಗೆ. ಅದರ ಪ್ರಕಾರ ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ, ಆದರೆ ಮೂರರ ತೂಕ ಒಂದೇ ಅಲ್ಲ. ‘ಜೊತೆ’ ಎಂದರೆ ಒಂದು ದೊಡ್ಡ ಹಾಲ್ ಮತ್ತು ಮೈಕ್, ಅದು ಸುಲಭ. ‘ಬಗ್ಗೆ’ ಎಂದರೆ ಒಂದು ಉಪನ್ಯಾಸ, ಅದೂ ಸುಲಭ. ‘ಒಬ್ಬರಿಂದ’ ಎಂದಾಗ ಮಾತ್ರ ಕಷ್ಟ ಶುರುವಾಗುತ್ತದೆ. ಒಬ್ಬ ಎಂಬಿಬಿಎಸ್ ವಿದ್ಯಾರ್ಥಿ ನರ್ಸಿಂಗ್ ವಿದ್ಯಾರ್ಥಿನಿಯಿಂದ ಕಲಿಯಬೇಕಾದರೆ, ಆಕೆಗೆ ತಿಳಿದದ್ದು ತನಗೆ ತಿಳಿದಿಲ್ಲ ಎಂದು ಮೊದಲು ಒಪ್ಪಬೇಕು. ಅದಕ್ಕೆ ನಮ್ಮ ಪರೀಕ್ಷೆಯಲ್ಲಿ ಮಾರ್ಕ್ ಇಲ್ಲ.

ನಾನು ನೋಡಿದ ಒಂದು ಜಂಟಿ ಕಾರ್ಯಾಗಾರದ ಬಗ್ಗೆ ಹೇಳುತ್ತೇನೆ, ಕಾಲೇಜಿನ ಹೆಸರು ಬೇಡ. ಮುಂದಿನ ಸಾಲುಗಳಲ್ಲಿ ವೈದ್ಯ ವಿದ್ಯಾರ್ಥಿಗಳು, ಹಿಂದೆ ಯೂನಿಫಾರ್ಮಿನಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರು, ಇನ್ನೂ ಹಿಂದೆ ನಾವು ಉಳಿದವರು. ಕೇಸ್ ಒಂದನ್ನು ಚರ್ಚೆಗೆ ಇಟ್ಟರು. ರೋಗ ಯಾವುದು, ಯಾವ ಔಷಧ ಎಂಬಲ್ಲಿಗೆ ಮಾತು ನಿಂತಿತು. ಆ ರೋಗಿ ಮನೆಗೆ ಹೋದ ಮೇಲೆ ಮಾತ್ರೆ ಎಣಿಸಿ ಕೊಡುವವರು ಯಾರು ಎಂಬ ಪ್ರಶ್ನೆ ಹಿಂದಿನ ಸಾಲಿನಿಂದ ಬರಬೇಕಿತ್ತು, ಬರಲಿಲ್ಲ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು, ಫೋಟೋವೂ ಆಯಿತು.

ಇದು ಒಂದು ಕಾಲೇಜಿನ ದೋಷ ಮಾತ್ರ ಅಲ್ಲ, ನಿಯಮಗಳಲ್ಲೇ ಉಂಟು. 2019ರಿಂದ ಜಾರಿಯಾದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮ ಭಾರತೀಯ ವೈದ್ಯನಿಗೆ ಐದು ಪಾತ್ರಗಳನ್ನು ಹೇಳುತ್ತದೆ. ಅದರಲ್ಲೊಂದು ಆರೋಗ್ಯ ತಂಡದ ‘ನಾಯಕ ಮತ್ತು ಸದಸ್ಯ’. ಪದಗಳ ಕ್ರಮ ಗಮನಿಸಿ: ನಾಯಕ ಮೊದಲು, ಸದಸ್ಯ ಆಮೇಲೆ. ಇನ್ನು ನರ್ಸಿಂಗ್‌ಗೆ 1947ರ ಕಾಯ್ದೆಯ ಪರಂಪರೆ, ಫಾರ್ಮಸಿಗೆ 1948ರದ್ದು, ಫಿಸಿಯೋಥೆರಪಿ ಮೊದಲಾದವುಗಳಿಗೆ 2021ರ ಆಯೋಗ. ‘ತಂಡ’ ಎಂಬ ಪದವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ ಒಬ್ಬೊಬ್ಬರೇ ಕೂತು ಬರೆದದ್ದು!

ಪುರಾವೆಯ ವಿಷಯದಲ್ಲೂ ಸ್ವಲ್ಪ ತಾಳ್ಮೆ ಬೇಕು. 2013ರ ಕಾಕ್ರೇನ್ ಪರಿಶೀಲನೆಗೆ ಸಿಕ್ಕಿದ ಗಟ್ಟಿ ಅಧ್ಯಯನಗಳು 15 ಮಾತ್ರ. ಅವುಗಳಲ್ಲಿ 7ರಲ್ಲಿ ಒಳ್ಳೆಯ ಫಲ, 4ರಲ್ಲಿ ಮಿಶ್ರ ಫಲ, 4ರಲ್ಲಿ ಪರಿಣಾಮವೇ ಇಲ್ಲ. ಹಾಗಾಗಿ ಅಂತರ್‌ವೃತ್ತಿ ಶಿಕ್ಷಣದಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ನಮ್ಮಂಥ ಗಡಿ ಜಿಲ್ಲೆಯಲ್ಲಿ ‘ಒಬ್ಬರಿಂದ’ ಎಂಬುದನ್ನು ಬಿಟ್ಟರೆ ಆಗುವ ನಷ್ಟ ಯಾವುದೆಂದು ತೋರಿಸಬಲ್ಲೆ.

ಒಂದು ಪದ ತೆಗೆದುಕೊಳ್ಳಿ: ಸಂಕಟ. ಬದಿಯಡ್ಕದ ಕಡೆಯ ಕನ್ನಡ ಮಾತಿನ ಅಜ್ಜಿಯೊಬ್ಬರು “ಎದೆಯಲ್ಲಿ ಸಂಕಟ ಆಗ್ತಾ ಉಂಟು” ಎಂದರೆ ಅದು ಮೈಯ ಮಾತು. ಉರಿ ಇರಬಹುದು, ಒತ್ತಡ ಇರಬಹುದು, ಹೃದಯಾಘಾತವೇ ಇರಬಹುದು. ಮಲಯಾಳದಲ್ಲಿ ಅದೇ ಪದಕ್ಕೆ ದುಃಖ ಎಂದರ್ಥ. ತೆಂಕಣ ಜಿಲ್ಲೆಯಿಂದ ಬಂದ ಮಲಯಾಳಿ ವೈದ್ಯ ವಿದ್ಯಾರ್ಥಿಗೆ ಆ ಪದ ಅರ್ಥವಾಗಿಯೇ ಆಗುತ್ತದೆ, ಅದೇ ಅಪಾಯ. ಗೊತ್ತಿಲ್ಲದ ಪದವಾದರೆ ಕೇಳುತ್ತಿದ್ದ. ಗೊತ್ತಿದೆ ಎಂದುಕೊಂಡದ್ದರಿಂದ ಕೇಳುವುದಿಲ್ಲ. ಆ ಕೋಣೆಯಲ್ಲಿ ಇದನ್ನು ತಿದ್ದಬಲ್ಲವರು ಊರಿನ ಆಶಾ ಕಾರ್ಯಕರ್ತೆ ಅಥವಾ ಸ್ಥಳೀಯ ನರ್ಸ್. ಆದರೆ ‘ನಾಯಕ’ನನ್ನು ತಿದ್ದುವ ಅಭ್ಯಾಸವನ್ನು ಆಕೆಗೆ ಯಾರೂ ಕಲಿಸಿಲ್ಲ, ತಿದ್ದಿಸಿಕೊಳ್ಳುವ ಅಭ್ಯಾಸವನ್ನು ಆತನಿಗೂ ಕಲಿಸಿಲ್ಲ. ನನ್ನ ಮಟ್ಟಿಗೆ ಅಂತರ್‌ವೃತ್ತಿ ಶಿಕ್ಷಣ ಎಂದರೆ ಈ ಎರಡು ಅಭ್ಯಾಸಗಳು.

ನಮ್ಮ ಜಿಲ್ಲೆಗೆ ಇದರ ಇತಿಹಾಸವೂ ಉಂಟು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳಲ್ಲಿ ಎಣ್ಮಕಜೆಯ ಪಡ್ರೆಯಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದ ವೈದ್ಯರು ಡಾ. ವೈ. ಎಸ್. ಮೋಹನ ಕುಮಾರ್. ಅದನ್ನು ಬರೆದು ಹೊರಗೆ ತಂದವರು ಕೃಷಿ ಪತ್ರಕರ್ತ ಶ್ರೀಪಡ್ರೆ. ನ್ಯಾಯಾಲಯಕ್ಕೆ ಒಯ್ದವರು ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರುವವರೆಗಿನ ದಾರಿ ಹೀಗೆ ಬೇರೆ ಬೇರೆ ಕಸುಬಿನವರು ಹಾಕಿಕೊಟ್ಟದ್ದು. ಈ ಪ್ರಕರಣವನ್ನು ವಿಷಶಾಸ್ತ್ರದ ಅಧ್ಯಾಯವಾಗಿ ಓದಿಸುವುದು ಸರಿಯೇ, ಆದರೆ ಯಾರು ಯಾರಿಂದ ಕೇಳಿ ತಿಳಿದರು ಎಂಬ ಪಾಠವಾಗಿಯೂ ಓದಿಸಬೇಕು.

ಈಗ ವಿಶ್ವವಿದ್ಯಾಲಯದ ಮಾತಿಗೆ ಬರೋಣ. ಕೇರಳ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ 2010ರಲ್ಲಿ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದವು. ಎರಡರಲ್ಲೂ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಎಲ್ಲ ಒಂದೇ ಸೂರಿನಡಿ. ಇದು ದೊಡ್ಡ ಅನುಕೂಲ. ಕ್ಯಾಲೆಂಡರ್ ಅವರದೇ, ಪರೀಕ್ಷೆ ಅವರದೇ. ಹೊಸ ವಿಷಯ ಸೇರಿಸಲು ಜಾಗವಿಲ್ಲ ಎಂಬ ಆಕ್ಷೇಪ ಬೆಳಗ್ಗಿನ ಗೋಷ್ಠಿಯಲ್ಲಿ ಬಂತು. ಹೊಸದು ಬೇಡ ಮಾರಾಯ್ರೆ, ಇದ್ದದ್ದನ್ನು ಜೋಡಿಸಿದರೆ ಸಾಕು.

ಎಂಬಿಬಿಎಸ್‌ನಲ್ಲಿ ಈಗ ಕುಟುಂಬ ದತ್ತು ಕಾರ್ಯಕ್ರಮ ಉಂಟು, ಮೊದಲ ವರ್ಷದಿಂದಲೇ ವಿದ್ಯಾರ್ಥಿ ಕೆಲವು ಮನೆಗಳಿಗೆ ಹೋಗಬೇಕು. (‘ದತ್ತು’ ಎಂಬ ಪದ ನನಗೆ ಹಿಡಿಸುವುದಿಲ್ಲ. ಐವತ್ತು ವರ್ಷದ ಅಡಿಕೆ ಕೃಷಿಕನನ್ನು ಹತ್ತೊಂಬತ್ತರ ಹುಡುಗ ದತ್ತು ತೆಗೆದುಕೊಳ್ಳುವುದೆಂದರೆ ಏನು?) ನರ್ಸಿಂಗ್ ವಿದ್ಯಾರ್ಥಿನಿಯರು ಸಮುದಾಯ ಆರೋಗ್ಯ ಪೋಸ್ಟಿಂಗ್‌ನಲ್ಲಿ ಬ್ಯಾಗ್ ಹಿಡಿದು ಮನೆಮನೆಗೆ ಹೋಗುವುದು ಹಿಂದಿನಿಂದಲೂ ಇದೆ. ಇಬ್ಬರೂ ಬೇರೆ ಬೇರೆ ದಿನ, ಬೇರೆ ಬೇರೆ ನಮೂನೆ ಹಿಡಿದು ಯಾಕೆ ಹೋಗಬೇಕು? ಅದೇ ಮನೆಗೆ ಒಟ್ಟಿಗೆ ಕಳುಹಿಸಿ. ಕೇರಳಕ್ಕೆ 2008ರಿಂದ ಪಾಲಿಯೇಟಿವ್ ಆರೈಕೆಯ ನೀತಿ ಇದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆಯುತ್ತಾರೆ, ಕೆಥೀಟರ್ ಬದಲಿಸುತ್ತಾರೆ, ಮನೆಯವರ ಸುಸ್ತನ್ನೂ ನೋಡುತ್ತಾರೆ. ಆ ಜೀಪಿನಲ್ಲಿ ನಾಲ್ಕು ವೃತ್ತಿಗಳ ನಾಲ್ಕು ವಿದ್ಯಾರ್ಥಿಗಳು ಹತ್ತಲಿ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯ 1996ರಲ್ಲಿ ಇಂಥ ವಿದ್ಯಾರ್ಥಿಗಳೇ ಸೇರಿ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ನಡೆಸುವ ವಾರ್ಡನ್ನು ಆರಂಭಿಸಿತು. ನಮಗೆ ವಾರ್ಡ್ ಕಟ್ಟುವ ಖರ್ಚಿಲ್ಲ, ಜೀಪ್ ಹೇಗೂ ಹೋಗುತ್ತದೆ.

ಎರಡು ಷರತ್ತುಗಳ ಮೇಲೆ ಮಾತ್ರ ನನ್ನ ಹಟ. ಭೇಟಿಯ ಲಾಗ್‌ಬುಕ್ಕಿನಲ್ಲಿ ‘ಇಂದು ಬೇರೆ ವೃತ್ತಿಯವರಿಂದ ಕಲಿತದ್ದು’ ಎಂಬ ಕಲಂ ಇರಲಿ, ಅದಕ್ಕೆ ಅಂಕವೂ ಇರಲಿ. ಅದಿಲ್ಲದಿದ್ದರೆ ಮೂರನೇ ಭೇಟಿಗೆ ಜೀಪ್ ಖಾಲಿ. ಮತ್ತೊಂದು, ಅದಕ್ಕೆ ಸಹಿ ಹಾಕುವ ಅಧಿಕಾರ ಪಾಲಿಯೇಟಿವ್ ನರ್ಸಿಗೆ ಇರಬೇಕು, ಕ್ಷೇತ್ರ ಶಿಕ್ಷಕಿ ಎಂಬ ಹೆಸರು ಮತ್ತು ಗೌರವಧನದ ಸಮೇತ. ಈಗಾಗಲೇ ಕಲಿಸುತ್ತಿರುವವರು ಅವರೇ ಅಲ್ವಾ.

ಚಾಟ್‌ನಲ್ಲಿ ಒಬ್ಬರು ಪ್ರಾಧ್ಯಾಪಕರು ಕೇಳಿದ್ದಾರೆ: ನರ್ಸ್ ಹಾಕಿದ ಅಂಕವನ್ನು ಎಂಬಿಬಿಎಸ್ ವಿದ್ಯಾರ್ಥಿಗಳು ಒಪ್ಪುತ್ತಾರಾ? ಸರ್, ಮೊದಲ ಬ್ಯಾಚ್ ಗೊಣಗುತ್ತದೆ. ವಿದ್ಯಾರ್ಥಿಗಳಿಗಿಂತ ಅವರ ವಿಭಾಗಗಳು ಹೆಚ್ಚು ಗೊಣಗಬಹುದು ಎಂದು ನನ್ನ ಅಂದಾಜು. ಅದಕ್ಕೇ ಇದನ್ನು ಒಂದು ಕಾಲೇಜಿನ ಉತ್ಸಾಹಕ್ಕೆ ಬಿಡದೆ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ಲಿನಲ್ಲಿ ತೀರ್ಮಾನಿಸಿ ಎಂದು ಕೇಳುತ್ತಿರುವುದು.