ಒಂದೇ ಕರಾರು, ಎರಡು ಒಕ್ಕಣೆ

"ಎರಡೂ ಸರ್ವರ್ ಒಂದೇ ಸಾರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ." ದೋಷ ಹುಡುಕಲು ಕೂತಾಗ ಮೊದಲು ಕಿವಿಗೆ ಬೀಳುವ ಮಾತಿದು. ನಮ್ಮ ಚಿಕ್ಕಬಾಣಾವರಕ್ಕೆ ಹತ್ತಿರದ ಪೀಣ್ಯದ ಕಾರ್ಖಾನೆಗಳಲ್ಲಿ ಒಂದೇ ಡ್ರಾಯಿಂಗಿನ ಎರಡು ಬಿಡಿಭಾಗಗಳನ್ನು ಕಣ್ಣಳತೆಯಲ್ಲಿ ಪಾಸು ಮಾಡುವುದಿಲ್ಲ. ಗೋ, ನೋ-ಗೋ ಗೇಜು ಹಾಕಿ ನೋಡುತ್ತಾರೆ. ನಮ್ಮ ಕಸುಬಿಗೂ ಅಂಥ ಗೇಜು ಬೇಕು.

ಒಮ್ಮೆ ಗ್ರಾಹಕರೊಬ್ಬರು ದೂರಿದರು: "ನಿಮ್ಮ ವೆಬ್ ಸೇವೆ ನಮ್ಮ ಕೋರಿಕೆಯನ್ನು ಈಗ ಒಪ್ಪುತ್ತದೆ, ಮರುಗಳಿಗೆ ಅದನ್ನೇ ತಳ್ಳಿಹಾಕುತ್ತದೆ." ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಸರ್ವರ್. ಚಿಕ್ಕಬಾಣಾವರ ಜಂಕ್ಷನ್ನಿನಲ್ಲಿ ಹಳಿ ಕವಲಾಗಿ ಒಂದು ತುಮಕೂರಿಗೆ, ಇನ್ನೊಂದು ನೆಲಮಂಗಲದ ಮೇಲೆ ಹಾಸನಕ್ಕೆ ಹೋಗುತ್ತದಲ್ಲ, ಹಾಗೆ. ಆದರೆ ಇಲ್ಲಿ ತನ್ನ ಕೋರಿಕೆ ಯಾವ ಹಳಿ ಹಿಡಿಯಿತೆಂದು ಕಳಿಸಿದವನಿಗೆ ತಿಳಿಯದು. ಆದ್ದರಿಂದ ಬ್ಯಾಲೆನ್ಸರ್ ಬದಿಗಿಟ್ಟು, ಒಂದೊಂದು ಸರ್ವರಿನಿಂದಲೂ ನೇರವಾಗಿ ಡಬ್ಲ್ಯುಎಸ್‌ಡಿಎಲ್ ಇಳಿಸಿಕೊಂಡೆ. ಸೇವೆ ಏನು ಕೇಳುತ್ತದೆ, ಏನು ಕೊಡುತ್ತದೆ, ಎಲ್ಲಿ ಸಿಗುತ್ತದೆ ಎಂಬ ಕರಾರುಪತ್ರ ಅದು.

ಡಿಫ್ ಹಾಕಿದರೆ ಪರದೆ ತುಂಬ ವ್ಯತ್ಯಾಸ! ಗಾಬರಿಯಾಗಬಾರದು, ಜರಡಿ ಹಿಡಿಯಬೇಕು. ಆಪರೇಷನ್ನುಗಳ ಸಾಲು ಹಿಂದುಮುಂದಾಗಿತ್ತು. ಈ ಕರಾರುಪತ್ರವನ್ನು ಸರ್ವರ್ ಜಾವಾ ಕ್ಲಾಸುಗಳಿಂದ ತಾನಾಗಿ ಹೆಣೆಯುತ್ತಿತ್ತು. ಕ್ಲಾಸಿನ ಮೆಥಡ್‌ಗಳನ್ನು ಇಂಥದೇ ಕ್ರಮದಲ್ಲಿ ಕೊಡುತ್ತೇನೆಂದು ಜಾವಾ ಮಾತು ಕೊಟ್ಟಿಲ್ಲ, ಅದು ನಿರುಪದ್ರವಿ. ಸೇವೆಯ ವಿಳಾಸದಲ್ಲಿ ಆಯಾ ಸರ್ವರಿನ ಹೆಸರಿತ್ತು. ನೇರವಾಗಿ ಕೇಳಿದ್ದರಿಂದ ಅದೂ ಸಹಜ.

ಜರಡಿಗೆ ಒಂದು ಒಳ್ಳೆಯ ಸಾಧನವಿದೆ: ಕೆನಾನಿಕಲ್ ಎಕ್ಸ್‌ಎಂಎಲ್. ಡಬ್ಲ್ಯು3ಸಿ ಸಂಸ್ಥೆ ಡಬ್ಲ್ಯುಎಸ್‌ಡಿಎಲ್ 1.1 ಟಿಪ್ಪಣಿಯನ್ನು ಪ್ರಕಟಿಸಿದ್ದು 2001ರ ಮಾರ್ಚ್ 15ರಂದು. ಕೆನಾನಿಕಲ್ ಎಕ್ಸ್‌ಎಂಎಲ್ ಶಿಫಾರಸು ಹೊರಬಂದದ್ದೂ ಅದೇ ದಿನ. ರೋಗ ಮದ್ದು ಅವಳಿಗಳಾಗಿ ಹುಟ್ಟಿದಂತೆ ನನಗೆ ಕಾಣುತ್ತದೆ. ಕೆನಾನಿಕಲ್ ಎಕ್ಸ್‌ಎಂಎಲ್ ಆಟ್ರಿಬ್ಯೂಟುಗಳನ್ನು ಒಂದು ಕ್ರಮಕ್ಕೆ ತರುತ್ತದೆ, ಎಲಿಮೆಂಟುಗಳ ಸಾಲನ್ನು ಮಾತ್ರ ಮುಟ್ಟುವುದಿಲ್ಲ. ಆಪರೇಷನ್ನುಗಳನ್ನು ಹೆಸರಿನ ಪ್ರಕಾರ ನಾವೇ ಜೋಡಿಸಿಕೊಳ್ಳಬೇಕು.

ಜೋಡಿಸಿ ಮತ್ತೆ ಡಿಫ್ ಹಾಕಿದಾಗ, ವಿಳಾಸ ಬಿಟ್ಟರೆ ಉಳಿದದ್ದು ಒಂದೇ ಸಾಲು. ಒಂದು ಸರ್ವರಿನಲ್ಲಿ ಐಚ್ಛಿಕವಾಗಿದ್ದ ಮಾಹಿತಿ ಇನ್ನೊಂದರಲ್ಲಿ ಕಡ್ಡಾಯ!

ಎರಡೂ ಕಡೆಯ ಜಾರ್ ಫೈಲುಗಳ ಚೆಕ್‌ಸಮ್ ತಾಳೆ ನೋಡಿದೆ. ಎಲ್ಲ ಸಮ. ಆದರೆ ಎರಡೂ ಫೋಲ್ಡರಿನಲ್ಲಿ ಹೊಸ ಜಾರ್ ಪಕ್ಕದಲ್ಲೇ ಹಳೆಯದೊಂದು ಉಳಿದುಕೊಂಡಿತ್ತು. ನಮ್ಮ ಸೇವೆ ಓಡುತ್ತಿದ್ದ ಟಾಮ್‌ಕ್ಯಾಟ್‌ನಲ್ಲಿ, 8ನೇ ಆವೃತ್ತಿಯಿಂದೀಚೆಗೆ, ಜಾರ್‌ಗಳು ಅಕ್ಷರಾನುಕ್ರಮದಲ್ಲಿ ಬರುವ ಭರವಸೆಯಿಲ್ಲ. ಫೈಲ್‌ಸಿಸ್ಟಮ್ ಕೊಟ್ಟದ್ದೇ ಕ್ರಮ. ಲಿನಕ್ಸಿನ ಇಎಕ್ಸ್‌ಟಿ4 ಆ ಕ್ರಮವನ್ನು ಹೆಸರುಗಳ ಹ್ಯಾಶ್‌ನಿಂದ ನಿರ್ಧರಿಸುತ್ತದೆ, ಆ ಹ್ಯಾಶ್‌ಗೆ ಬೆರೆಸುವ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗ ಡಿಸ್ಕಿಗೊಂದರಂತೆ ಹುಟ್ಟುತ್ತದೆ. ಹಾಗಾಗಿ ಅವೇ ಫೈಲುಗಳಿದ್ದರೂ ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಮೊದಲು ಲೋಡ್ ಆಗಿತ್ತು.

ಹಳೆಯ ಜಾರ್ ಎರಡೂ ಕಡೆ ತೆಗೆದೆವು. ಆಮೇಲೆ ಕರಾರುಪತ್ರವನ್ನು ಸರ್ವರ್ ತಾನಾಗಿ ಹೆಣೆಯಲು ಬಿಡದೆ, ನಾವೇ ಬರೆದು ಬಿಲ್ಡ್‌ನೊಳಗೇ ಸೇರಿಸಿದೆವು. ಅಂದು ಡಿಫ್ ಏನನ್ನೂ ತೋರಿಸದೆ ಸುಮ್ಮನಾದಾಗ ಆದ ನೆಮ್ಮದಿ ದೊಡ್ಡದು: ಗೇಜು ಒಪ್ಪಿದ ಮೇಲಷ್ಟೇ ಗ್ರಾಹಕರಿಗೆ "ಎರಡೂ ಒಂದೇ" ಎಂದು ಬರೆದೆ.